ದೀಪದ ಮೇಲೊಂದು ಟಿಕಳಿ

ನಮ್ಮ ಪಡಸಾಲೆಯ ಕಿಟಕಿಯಲ್ಲಿ, ಕ್ಯಾಲೆಂಡರಿನ ಕೆಳಗೆ, ಒಂದು ಸಾಮಾನು ಕುಳಿತಿದೆ. ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣ, ತುದಿಗೆ ಮಸಿ ಹಿಡಿದ ಸಣ್ಣ ತೂತುಗಳ ಟೊಪ್ಪಿಗೆ, ಹಿಂದೆ ಮೊಳದುದ್ದದ ವಾಯರಿನ ಬಾಲ. ಬಂದವರು ಚಹಾ ಕುಡಿಯುತ್ತ ಅದನ್ನು ಬಾಲ ಹಿಡಿದೆತ್ತಿ ನೋಡುತ್ತಾರೆ. "ಇದೇನ್ರೀ, ಇಲಿ ಒಣಗಿಸಿ ಇಟ್ಟೀರೇನ?" ಎಂದು ತೇರದಾಳದ ನೂಲಿನ ವ್ಯಾಪಾರಿಯೊಬ್ಬರು ಕೇಳಿದ್ದರು. ಕಾರಿನ ಆಕ್ಸಿಜನ್ ಸೆನ್ಸರ್ ಎಂದೆ. ಅವರು ಅದನ್ನು ಅವಸರದಿಂದ ಕೆಳಗಿಟ್ಟು, "ಯಾರಿಗೆ ಹಚ್ಚಿದ್ರಿ ಆಕ್ಸಿಜನ್?" ಎಂದರು. ನಮ್ಮ ಕಡೆ ಆಕ್ಸಿಜನ್ ಎಂಬ ಮಾತು ದವಾಖಾನೆಯ ಬಾಗಿಲಿನಿಂದಲೇ ಬಂದದ್ದಲ್ಲವೆ.

ಯಾರಿಗೂ ಹಚ್ಚಿದ್ದಲ್ಲ. ಅದು ಕಾರಿನ ಮೂಗು. ಹೊಗೆ ಹೋಗುವ ಕೊಳವೆಯಲ್ಲಿ ಮೂತಿ ತೂರಿಸಿ ಕುಳಿತು, ಹೊರಗೆ ಹೋಗುವ ಹೊಗೆಯನ್ನು ಮೂಸಿ, ಪೆಟ್ರೋಲು ಹೆಚ್ಚಾಯಿತೊ ಗಾಳಿ ಕಡಿಮೆಯಾಯಿತೊ ಎಂದು ಇಂಜಿನ್ನಿಗೆ ವರದಿ ಕೊಡುವುದು ಅದರ ಕೆಲಸ. ನಮ್ಮ ಕಾರಿಗೆ ಅಂಥವು ಎರಡು. ಒಂದು ಇಂಜಿನ್ನಿನ ಮಗ್ಗುಲಲ್ಲಿ, ಇನ್ನೊಂದು ಹೊಟ್ಟೆಯ ಕೆಳಗೆ. ಕೆಟ್ಟರೆ ಮುಂದೆ ಸ್ಪೀಡು ತೋರಿಸುವ ಗಡಿಯಾರದ ಪಕ್ಕದಲ್ಲಿ ಕಿತ್ತಳೆ ಬಣ್ಣದ ಒಂದು ದೀಪ ಹತ್ತುತ್ತದೆ. ಇಷ್ಟು ಶಾಸ್ತ್ರ ನಾನು ಕಲಿತದ್ದು ಬಹಳ ತಡವಾಗಿ.

ಬನಹಟ್ಟಿಯಲ್ಲಿ ನಮ್ಮದು ಮುಂದೆ ಮಗ್ಗ, ಹಿಂದೆ ಮನೆ. ಅಪ್ಪನ ಕಾಲದಲ್ಲಿ ನಾಲ್ಕು ಪವರ್‌ಲೂಮು ಓಡುತ್ತಿದ್ದವು, ಈಗ ಎರಡು. ಎರಡು ಮಗ್ಗದ ಸಪ್ಪಳಕ್ಕೆ ನಾಲ್ಕರಷ್ಟು ಗದ್ದಲವಿಲ್ಲವಾದ್ದರಿಂದ ನನಗೆ ಬರೆಯುವ ಚಟ ಅಂಟಿತು. ಬರೆಯುವುದೆಂದರೆ ದೊಡ್ಡದೇನಲ್ಲ, ಕ್ಯಾಲೆಂಡರಿನ ಚೌಕದಲ್ಲಿ. ಗ್ಯಾಸು ಯಾವತ್ತು ಹಚ್ಚಿದೆವು, ನಳದ ನೀರು ಎಷ್ಟು ಗಂಟೆಗೆ ಬಂತು, ಬೇವಿನ ಗಿಡದ ಮೊದಲ ಹೂ, ಕಸ್ತೂರಿಯ ಹಲ್ಲುನೋವು. ಕಸ್ತೂರಿ ನನ್ನ ಹೆಂಡತಿ. "ನಿಮ್ಮ ಕ್ಯಾಲೆಂಡರ್‌ದಾಗ ಬರದ್ರ ನನ್ನ ಹಲ್ಲುನೋವು ನಿಲ್ಲತೈತೇನ್ರಿ?" ಎಂದು ಅವಳು ಒಮ್ಮೆ ಕೇಳಿದ್ದುಂಟು. ನಾನು ಆ ಮಾತನ್ನು ಹಾಸ್ಯವೆಂದುಕೊಂಡೆ. ಬರೆದಿಟ್ಟರೆ ಮಾಡಿ ಮುಗಿಸಿದಂತೆ ಎಂಬ ನಂಬಿಕೆ ಇರುವ ಮನುಷ್ಯ ನಾನು. ಹಾಗಾಗಿ ಒಂದು ಚೌಕದಲ್ಲಿ "ಕಾರಿನ ದೀಪ ಹತ್ತಿತು" ಎಂದು ಬರೆದೆ. ಅದಾದ ಮೇಲೆ ಇಪ್ಪತ್ತೆರಡು ತಿಂಗಳು ಹಾಳೆ ತಿರುವಿದೆ.

ಹದಿನೈದು ವರ್ಷ ದಾಟಿದ ಬಿಳಿ ಕಾರು ಅದು. ಪಕ್ಕದಲ್ಲಿ ಕುಳಿತ ಕಸ್ತೂರಿಯ ಕಣ್ಣು ಆ ದೀಪದ ಮೇಲೆಯೇ.

"ಅಲ್ರೀ, ಇದ್ಯಾಕ ಆರವಲ್ದು?"

"ಅದು ಹಂಗ ಇರತೈತಿ."

"ಹಂಗ ಇರೂದಾದ್ರ ಮಾಡಿದವರು ಯಾಕ ಇಟ್ಟಾರ?"

ಉತ್ತರವಿಲ್ಲದ ಪ್ರಶ್ನೆ ಕೇಳಿದವರನ್ನು ಗಂಡಸರು ಏನು ಮಾಡುತ್ತಾರೊ ಅದನ್ನೇ ನಾನೂ ಮಾಡಿದೆ, ನಕ್ಕೆ. ಕಾರಿನಿಂದ ಪೆಟ್ರೋಲ್ ನಾತ ಬರುತ್ತದೆ, ತಲೆ ಹಿಡಿಯುತ್ತದೆ ಎಂದಳು. ನಾನು ಕಿಟಕಿ ಇಳಿಸಿಕೊ ಎಂದೆ. ಕಾರು ನಿಲ್ಲುವ ಕಡೆಯ ಗೋಡೆಗೆ ಕಾಡಿಗೆ ಹಚ್ಚಿದಂತೆ ಕಪ್ಪು ಹಿಡಿಯಿತು. ನಾನು ಕಾರನ್ನು ತಿರುಗಿಸಿ ನಿಲ್ಲಿಸತೊಡಗಿದೆ. ಒಂದು ದಿನ ತೇರದಾಳಕ್ಕೆ ಮದುವೆಗೆ ಹೊರಟಾಗ ಅವಳು ಹತ್ತನೆಯ ಸಲವೊ ಹನ್ನೊಂದನೆಯ ಸಲವೊ ಕೇಳಿದಳು. ನಾನು ಗಾಡಿ ಬದಿಗೆ ಹಾಕಿ, "ನಿನ್ನ ಪರ್ಸಿನಾಗ ಟಿಕಳಿ ಪಾಕೀಟ ಐತಿಲ್ಲ, ಒಂದ ಕೊಡು" ಎಂದೆ. ಯಾಕೆಂದು ತಿಳಿಯದೆ ಕೊಟ್ಟಳು. ಅದರ ಹಿಂದಿನ ಕಾಗದ ಬಿಡಿಸಿ, ಹಣೆಗಿಡುವ ಆ ಕೆಂಪು ಟಿಕಳಿಯನ್ನು ನೀಟಾಗಿ ದೀಪದ ಮೇಲೆ ಹಚ್ಚಿದೆ.

"ನೋಡೀಗ. ಆರೇತಿ."

ಕಸ್ತೂರಿ ಒಂದು ಗಳಿಗೆ ಅದನ್ನೇ ನೋಡಿದಳು. "ಛಲೋ ಆತು, ನಿಮ್ಮ ಕಾರು ಮುತ್ತೈದಿ ಆತು" ಎಂದು ಹೇಳಿ ಹೊರಗೆ ಮುಖ ಮಾಡಿದಳು. ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ನಾನಂತೂ ಚಹಾದಂಗಡಿಯಲ್ಲಿ ಈ ಕಥೆಯನ್ನು ಮೂರು ದಿನ ಹೇಳಿ ಮೂರು ದಿನವೂ ನಗಿಸಿದೆ.

ಇಲ್ಲಿ ನಿಮಗೆ ನನ್ನ ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಅಪ್ಪನ ಮೇಲೆ ತಪ್ಪು ಹಾಕುವುದಕ್ಕಲ್ಲ. ಹಾಕಿದರೂ ಹಾಕಿದೆನೇ. ಅಪ್ಪನ ಪ್ರಕಾರ ಜಗತ್ತಿನಲ್ಲಿ ಎರಡೇ ರೋಗ. ಒಂದು ತುಕ್ಕು, ಇನ್ನೊಂದು ಕಿರಗುಟ್ಟುವುದು. ಎರಡಕ್ಕೂ ಒಂದೇ ಔಷಧ, ಎಣ್ಣೆ. ಮುಂಜಾನೆ ಬಟನ್ ಒತ್ತುವ ಮೊದಲು ಉದ್ದ ಕೊಕ್ಕಿನ ಎಣ್ಣೆ ಡಬ್ಬಿ ಹಿಡಿದು ನಾಲ್ಕೂ ಮಗ್ಗ ಸುತ್ತಿ, ತಿರುಗುವ ಪ್ರತಿಯೊಂದು ಸಂದಿಗೂ ಎರಡೆರಡು ಹನಿ ಬಿಡುವುದು, ಚೆಲ್ಲಿದ್ದನ್ನು ನೂಲಿನ ವೇಸ್ಟಿನಿಂದ ಒರೆಸುವುದು ನನ್ನ ಪಾಲಿಗೆ ಬಂದ ಕೆಲಸ. ಸಾಲಿಗೆ ಹೋಗುವಾಗ ನನ್ನ ಪಾಟಿಚೀಲಕ್ಕೂ ಅದೇ ವಾಸನೆ. "ಗಾಣಿಗ್ಯಾರ ಹುಡುಗ ಬಂದ" ಎಂದು ಮಾಸ್ತರರು ಅನ್ನುತ್ತಿದ್ದರು. ಹೊಸ ಕಬ್ಬಿಣ ಯಾವುದೇ ಮನೆಗೆ ಬರಲಿ, ಕತ್ತರಿ, ಕೀಲಿ, ನಳದ ತೋಟಿ, ಅಕ್ಕನ ಹೊಲಿಗೆ ಯಂತ್ರ, ಮೊದಲು ವಿಭೂತಿ, ಆಮೇಲೆ ಕುಂಕುಮ, ಆಮೇಲೆ ಎರಡು ಹನಿ ಎಣ್ಣೆ. "ಎಣ್ಣಿ ತೋರಸದ ಕಬ್ಬಿಣ ಕೆಲಸಕ್ಕ ಹಚ್ಚಿದ್ರ ಅದು ಮನಸ್ಸಿನಾಗ ಇಟಗೊಂತೈತಿ" ಎನ್ನುತ್ತಿದ್ದ ಅಪ್ಪ. ಬನಹಟ್ಟಿಯ ಅರ್ಧ ಊರು ಇಂದಿಗೂ ಹೀಗೆಯೇ. ನಮ್ಮಲ್ಲಿ ಕೂಸಿಗೆ ನೆತ್ತಿ ಎಣ್ಣೆ ತಪ್ಪಿದರೂ ಮಗ್ಗಕ್ಕೆ ತಪ್ಪುವುದಿಲ್ಲ.

ನನಗೆ ಹನ್ನೊಂದು ವರ್ಷವಿರುವಾಗ ಮುಧೋಳದ ಸೋದರಮಾವ ಹೊಸ ಸೈಕಲ್ ತಂದಿದ್ದ. ಅವನು ಒಳಗೆ ಊಟಕ್ಕೆ ಕುಳಿತ. ಹೊರಗೆ ನಾನು ಪ್ರೀತಿಯಿಂದ ಆ ಸೈಕಲ್ಲಿಗೆ ಎಣ್ಣೆ ಹಾಕಿದೆ. ಚೈನಿಗೆ, ಗಾಲಿಗೆ, ಪೆಡಲಿಗೆ. ಹಾಕುತ್ತ ಹಾಕುತ್ತ ಬ್ರೇಕಿನ ರಬ್ಬರಿಗೆ, ರಿಮ್ಮಿನ ಸುತ್ತಲೂ. ಮಾವ ಉಂಡು, ಎಲೆ ಹಾಕಿಕೊಂಡು ಹೊರಟವನು ಸಂತೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದ. ಸೈಕಲ್ಲು ಅವನ ಮಾತು ಕೇಳಲಿಲ್ಲ. ಒಣಮೆಣಸಿನಕಾಯಿಯ ರಾಶಿಯ ಮೇಲೆ ಮಾವ, ಮಾವನ ಮೇಲೆ ಸೈಕಲ್ಲು, ಅದರ ಮೇಲೆ ಮೆಣಸಿನಕಾಯಿ ಮಾರುವವಳ ಬೈಗಳು. ಕಣ್ಣು ಮೂಗು ಸುರಿಸುತ್ತ ತಿರುಗಿ ಬಂದ ಅವನನ್ನು ನೋಡಿ ಅಪ್ಪ ಹೊಟ್ಟೆ ಹಿಡಿದು ನಕ್ಕ. "ಹುಡುಗನ ಕೈ ಛಲೋ ಐತಿ ನೋಡು, ಒಂದ ಮೂಲಿ ಬಿಟ್ಟಿಲ್ಲ" ಎಂದು ನನ್ನ ಬೆನ್ನು ತಟ್ಟಿದ. ಎಣ್ಣೆ ಮುಟ್ಟಿಸಬಾರದ ಜಾಗವೂ ಇರುತ್ತದೆ ಎಂದು ಅವತ್ತು ಯಾರಾದರೂ ಕಪಾಳಕ್ಕೊಂದು ಕೊಟ್ಟು ಹೇಳಿದ್ದರೆ ಬಹುಶಃ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಕಬ್ಬಿಣಕ್ಕೆ ಕಲಿತದ್ದನ್ನೇ ಮನುಷ್ಯರಿಗೂ ಮಾಡಿದೆ. ಯಾರಾದರೂ ಕಿರಗುಟ್ಟಿದರೆ ಯಾಕೆ ಎಂದು ಕೇಳುವ ರೂಢಿ ನನಗಿಲ್ಲ. ಎರಡು ಹನಿ ಬಿಡುತ್ತೇನೆ. "ಆತು ಬಿಡು, ನಾಳೆ ನೋಡೂಣು" ಎಂಬುದು ಒಂದು ಹನಿ. "ಏನೂ ಆಗಂಗಿಲ್ಲ" ಎಂಬುದು ಇನ್ನೊಂದು. ಸಪ್ಪಳ ನಿಲ್ಲುತ್ತದೆ. ಒಳಗೆ ಸವೆಯುವುದು ನಿಲ್ಲುತ್ತದೊ ಇಲ್ಲವೊ ನೋಡಲು ಹೋದವರಾರು?

ಕಬ್ಬಿನ ಹಂಗಾಮಿನ ಒಂದು ಮುಂಜಾನೆ ಅನಗವಾಡಿಯಿಂದ ಕಸ್ತೂರಿಯ ತಮ್ಮ ಭೀಮಶಿಯ ಫೋನು ಬಂತು. ಹೊಳೆದಂಡೆಯ ಅನಗವಾಡಿ ಅವಳ ತವರು. ಅವಳ ತಾಯಿ ವಾರದಿಂದ ಹಾಸಿಗೆ ಹಿಡಿದಿದ್ದಳು. "ಅಕ್ಕಾ, ಅವ್ವ ನಿನ್ನ ಕೇಳಾಕತ್ತಾಳ. ಲಗೂನ ಬಾ." ಹತ್ತು ನಿಮಿಷದಲ್ಲಿ ಕಸ್ತೂರಿ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ಬಸ್ಸಿಗೆ ಹೋಗೂಣ್ರಿ. ಜಮಖಂಡ್ಯಾಗ ಹತ್ತ ಗಂಟೇದ ಅನಗವಾಡಿ ಬಸ್ ಸಿಗತೈತಿ."

"ಕಾರ್ ಇರಾಕ ಬಸ್ಸ್ಯಾಕ?" ಎಂದೆ ನಾನು. "ಬಸ್ ಮುಟ್ಟೂದರಾಗ ನಾವು ಹೋಗಿ ಚಹಾ ಕುಡದಿರ್ತೀವಿ."

ಜಮಖಂಡಿ ದಾಟುವವರೆಗೆ ಕಾರು ಓಡಿತು. ಆಮೇಲೆ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋದರೆ ಮುಂದೆ ಎಳೆಯಲೊಲ್ಲದು. ಒತ್ತಿದಷ್ಟೂ ಉಸಿರು ಕಟ್ಟಿದವರಂತೆ ಬಿಕ್ಕಿತು. ಬೀಳಗಿ ಇನ್ನೂ ದೂರವಿರುವಾಗ, ಒಂದು ದೊಡ್ಡ ಜಾಲಿಗಿಡದ ಕೆಳಗೆ, ನಿಂತೇಬಿಟ್ಟಿತು. ಬಾನೆಟ್ ಎತ್ತಿದರೆ ಸುಟ್ಟ ನಾತ. ನಾನು ಏನು ಮಾಡಿದೆ ಗೊತ್ತೇ? ಡಿಕ್ಕಿಯಲ್ಲಿದ್ದ ಎಣ್ಣೆ ಡಬ್ಬಿ ತೆಗೆದು ಆಕ್ಸಿಲರೇಟರಿನ ವಾಯರಿಗೆ ಎರಡು ಹನಿ ಬಿಟ್ಟೆ.

ಆಗ ಹಿಂದಿನಿಂದ ಹತ್ತು ಗಂಟೆಯ ಬಸ್ಸು ಬಂತು. ಕಸ್ತೂರಿ ರಸ್ತೆಯ ಅಂಚಿಗೆ ಓಡಿ ಕೈ ಎತ್ತಿದಳು. ಬಸ್ಸು ಸಾವಕಾಶವಾಯಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಬರ್ತೀರೇನ್ರಿ?" ಎಂದು ಕೂಗಿದ. ನಾನು ಬಾನೆಟ್ಟಿನ ಹಿಂದಿನಿಂದ ಎಣ್ಣೆಗೈ ಬೀಸಿದೆ.

"ಹೋಗ್ರಿ, ಹೋಗ್ರಿ! ಎರಡ ಮಿನಿಟಿನಾಗ ಚಾಲೂ ಆಗತೈತಿ."

ಕಸ್ತೂರಿಯ ಕೈ ಕೆಳಗಿಳಿಯಿತು. ಬಸ್ಸು ಹೋಯಿತು.

ಆ ಎರಡು ಮಿನಿಟು ಎಷ್ಟುದ್ದವಿತ್ತೆಂದು ನಾನು ಕ್ಯಾಲೆಂಡರಿನಲ್ಲಿ ಬರೆದಿಲ್ಲ. ಕೊನೆಗೆ ಬಾಳೆಗೊನೆ ಹೇರಿಕೊಂಡು ಹೋಗುತ್ತಿದ್ದ ಟಂಟಂ ರಿಕ್ಷಾದವ ಬೀಳಗಿಯವರೆಗೆ ಬಿಟ್ಟ. ಅಲ್ಲಿಂದ ಮತ್ತೊಂದು ಗಾಡಿ ಹಿಡಿದು ಅನಗವಾಡಿ ಮುಟ್ಟಿದಾಗ ಅಂಗಳದಲ್ಲಿ ಚಪ್ಪಲಿಗಳ ರಾಶಿ. ಒಳಗಿನ ಅಳು ಹೊಸದಾಗಿತ್ತು. ಅರ್ಧ ತಾಸೂ ಆಗಿರಲಿಲ್ಲವಂತೆ. ಭೀಮಶಿ ಅಕ್ಕನ ಕೈ ಹಿಡಿದು ಅಳುತ್ತ ಹೇಳಿದ: "ಬಸ್ ಬಂತಂತ ನಾ ಸ್ಟ್ಯಾಂಡಿಗೆ ಓಡಿದ್ನ್ಯಾ, ಅಕ್ಕಾ. ನೀ ಇಳೀಲಿಲ್ಲ. ತಿರುಗಿ ಬಂದ್ರ ಅವ್ವ ಹಾರ್ನ್ ಕೇಳಿ ಕಣ್ಣ ತಗದಿದ್ಲು. 'ಕಸ್ತೂರಿ ಬಂದ್ಲೇನ್' ಅಂದ್ಲು. ಬರತಾಳ ಅಂದ್ನಿ. ಮತ್ತ ಕೇಳಿದ್ಲು. ಆಮ್ಯಾಲ ಕೇಳಲಿಲ್ಲ."

ಬಾಗಿಲ ಹತ್ತಿರ ನಿಂತ ನನ್ನ ಕೈಯಲ್ಲಿ ಎಣ್ಣೆ ಇನ್ನೂ ಹಾಗೆಯೇ ಇತ್ತು. ಅತ್ತೆಯ ಪಾದ ಮುಟ್ಟುವ ಮೊದಲು ಹಿತ್ತಲಿಗೆ ಹೋಗಿ ತೊಳೆದುಕೊಂಡು ಬಂದೆ. ಪೂರ್ತಿ ಹೋಗಲಿಲ್ಲ.

ಮಣ್ಣಾಯಿತು. ದಿನಗಳಾದವು. ಕಸ್ತೂರಿ ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ದಾರಿ ಗೊತ್ತಿತ್ತು, ಎಣ್ಣೆ ಹಚ್ಚುತ್ತಿದ್ದೆ. ನಾನು ಊರಿಗೆ ಹೊರಟಾಗ, "ನೀವು ಹೋಗ್ರಿ. ನಾ ನಾಕ ದಿನ ಇದ್ದು ಬರ್ತೀನಿ" ಎಂದಳು. ಆ ನಾಲ್ಕು ದಿನದಲ್ಲಿ ಕ್ಯಾಲೆಂಡರಿನ ಮೂರು ಹಾಳೆ ತಿರುಗಿದವು. ಫೋನು ಮಾಡುತ್ತಿದ್ದಳು. ಗ್ಯಾಸು ಮುಗಿಯಿತೆ, ಹಾಲಿನವನಿಗೆ ಅರ್ಧ ಲೀಟರು ಸಾಕೆಂದು ಹೇಳಿದಿರೆ, ಶೇಂಗಾ ಚಟ್ನಿಯ ಡಬ್ಬಿ ಮೇಲಿನ ಮಾಡದಲ್ಲಿದೆ, ಬೂಸಲು ಬಂದಿದ್ದರೆ ತಿನ್ನಬೇಡಿ. ಯಾವಾಗ ಬರುತ್ತೀ ಎಂದು ಕೇಳಿದರೆ, "ನೋಡೂಣ್ರಿ" ಎನ್ನುತ್ತಿದ್ದಳು. ನನ್ನದೇ ಮಾತು. ಅದನ್ನು ಕಿವಿಯಿಂದ ಕೇಳಿದರೆ ಹೇಗಿರುತ್ತದೆ ಎಂದು ಆಗ ತಿಳಿಯಿತು.

ಕಾರನ್ನು ಜಾಲಿಗಿಡದ ಕೆಳಗಿನಿಂದ ಜಮಖಂಡಿಗೆ ಎಳೆದುಕೊಂಡು ಹೋದವನು ರಫೀಕ. ಇಪ್ಪತ್ತು ವರ್ಷದ ಪರಿಚಯದ ಮೆಕ್ಯಾನಿಕ್. ಸೈಲೆನ್ಸರಿನ ನಡುವೆ ಹೊಗೆ ಸೋಸುವ ಜಾಳಿಗೆಯೊಂದಿರುತ್ತದಂತೆ, ಅದು ಮಸಿ ಕಟ್ಟಿ ಗಾರೆಯಂತಾಗಿತ್ತು. ಅದನ್ನು ಬದಲಿಸಿದ. ಆಮೇಲೆ ಒಳಗೆ ಕುಳಿತು ಟಿಕಳಿಯನ್ನು ಕಂಡ. ನಗುತ್ತಾನೆಂದುಕೊಂಡೆ.

"ಸಾವಕಾರ್ರ, ಇದನ್ಯಾರು ಹಚ್ಚಿದ್ದು?"

"ನಾನ."

"ಎರಡ ವರ್ಷದಿಂದ ಒದರಾಕತ್ತೈತಿ ಇದು. ಮೂಗು ಸತ್ತಾವ, ಪೆಟ್ರೋಲ್ ಹೆಚ್ಚ ಕುಡ್ಯಾಕತ್ತೀನಿ, ನೋಡ್ರಿ ನೋಡ್ರಿ ಅಂತ. ನೀವು ಬಾಯಿ ಮುಚ್ಚೀರಿ."

ಎರಡೂ ಸೆನ್ಸರ್ ನಾನೇ ಹಾಕುತ್ತೇನೆ, ಮನೆಯಲ್ಲೇ, ಎಂದೆ. ರಫೀಕ ನನ್ನ ಮುಖ ನೋಡಿದ. ವಾಯರು ಹಾಯಲು ಸೀಳು ಬಿಟ್ಟ, ನಟ್ಟು ತಿರುವುವ ಪಾನಾ ಕೊಟ್ಟ, ಹೇಗೆ ಮಾಡಬೇಕೆಂದು ಹೇಳಿದ. ಕೊನೆಗೆ, "ಒಂದ ನೆನಪಿಡ್ರಿ, ಹೊಸಾದರ ತುದಿ ಕೈಲೆ ಮುಟ್ಟಬ್ಯಾಡ್ರಿ, ಎಣ್ಣಿ ಅಂತೂ ಬ್ಯಾಡ" ಎಂದ. "ಅಷ್ಟೂ ತಿಳ್ಯಾಂಗಿಲ್ಲೇನೋ ನನಗ" ಎಂದು ನಾನು ಹಿರಿತನ ತೋರಿಸಿದೆ.

ಮರುದಿನ ಮಗ್ಗ ಬಂದ್ ಮಾಡಿ ಕೆಲಸಕ್ಕೆ ಕುಳಿತೆ. ಮೊದಲು ಟಿಕಳಿಯನ್ನು ಉಗುರಿನಿಂದ ಎಬ್ಬಿಸಿದೆ. ಬಣ್ಣ ಬಂತು, ಅಂಟು ಉಂಗುರದಂತೆ ಉಳಿಯಿತು. ಇಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆರಿಸಿ, ಬ್ಯಾಟರಿಯ ತಂತಿ ಕಳಚಿದೆ. ಜ್ಯಾಕು ಕೊಟ್ಟು, ಗಾಲಿಗಳಿಗೆ ಹಳೆಯ ಮಗ್ಗದ ಕಟ್ಟಿಗೆಯ ತುಂಡುಗಳನ್ನು ಒತ್ತಿಟ್ಟು, ಗೋಣಿಚೀಲ ಹಾಸಿ ಕೆಳಗೆ ತೂರಿದೆ. ಹಳೆಯ ಸೆನ್ಸರಿಗೂ ಕೊಳವೆಗೂ ತುಕ್ಕಿನಲ್ಲಿ ಮದುವೆಯಾಗಿ ಹೋಗಿತ್ತು. ತುಕ್ಕು ಬಿಡಿಸುವ ಎಣ್ಣೆ ಬುಡಕ್ಕೆ ಹೊಡೆದು ಕಾದೆ. ಪಾನಾದ ಹಿಡಿಕೆಗೆ ನಳದ ಪೈಪು ತೂರಿಸಿ ಜಗ್ಗಿದೆ. ಬೆರಳ ಗೆಣ್ಣು ಸುಲಿದವು, ಬಾಯಿಗೆ ಮಣ್ಣು ಬಿತ್ತು, ಐವತ್ತಾರರ ಬೆನ್ನು ಏನೇನೊ ಅಂದಿತು. ಕಡೆಗೆ ಕೀಂ ಎಂದು ಕೂಗಿ, ದವಡೆಯ ಹಲ್ಲು ಕಿತ್ತಂತೆ ಬಂತು. ಎರಡನೆಯದೂ ಬಂತು. ಅದೇ ಈ ಕಿಟಕಿಯಲ್ಲಿರುವ ಇಲಿ.

ಹೊಸವನ್ನು ಪೆಟ್ಟಿಗೆಯಿಂದ ತೆಗೆದೆ. ಬೆಳ್ಳಿಯಂತೆ ಹೊಳೆಯುತ್ತಿದ್ದವು. ಹೊಸ ಕಬ್ಬಿಣ ಮನೆಗೆ ಬಂದಿದೆ. ವಿಭೂತಿ ತೋರಿಸಿದೆ, ಕುಂಕುಮ ಮುಟ್ಟಿಸಿದೆ. ಇಷ್ಟು ನಾನು ತಿಳಿದು ಮಾಡಿದ್ದು. ಆಮೇಲಿನದು ಕೈಯೇ ಮಾಡಿತು. ನಲವತ್ತೈದು ವರ್ಷದ ರೂಢಿಯ ಕೈ ನನ್ನನ್ನು ಕೇಳಲು ಬರಲಿಲ್ಲ. ಉದ್ದ ಕೊಕ್ಕಿನ ಡಬ್ಬಿ ಬಾಗಿತು, ತೂತಿನ ಟೊಪ್ಪಿಗೆಯ ಮೇಲೆ ಎರಡು ಹನಿ ಬಿತ್ತು, ನೂಲಿನ ವೇಸ್ಟು ಅದನ್ನು ಮುದ್ದಿನಿಂದ ಒರೆಸಿತು. ಎರಡಕ್ಕೂ.

ಕಾರು ಚಾಲೂ ಆಯಿತು. ದೀಪವಿಲ್ಲ! ಕ್ಯಾಲೆಂಡರಿನ ಚೌಕದಲ್ಲಿ "ದೀಪ ಆರಿತು" ಎಂದು ದಪ್ಪಗೆ ಬರೆದೆ. ಅನಗವಾಡಿಗೆ ಫೋನು ಹಚ್ಚಿದೆ.

"ಕಸ್ತೂರಿ, ದೀಪ ಆರೇತಿ. ಖರೆನ ಆರೇತಿ. ನಾಳೆ ಕರಿಯಾಕ ಬರ್ತೀನಿ."

ಆ ಕಡೆ ಅವಳು ರೊಟ್ಟಿ ಬಡಿಯುತ್ತಿದ್ದಳು. "ಎಂಟ ದಿನ ನೋಡ್ರಿ ಮೊದಲ" ಎಂದಳು.

ಮೂರನೆಯ ದಿನ ರಬಕವಿಯ ದಾರಿಯಲ್ಲಿ, ಅಂಟಿನ ಉಂಗುರದ ನಡುವೆ, ಅದೇ ಕಿತ್ತಳೆ ಕಣ್ಣು ತೆರೆಯಿತು.

ರಫೀಕ ಮಷೀನು ಹಚ್ಚಿ ನೋಡಿದ, ಮುಂದಿನ ಸೆನ್ಸರ್ ಬಿಚ್ಚಿದ, ಮೂಗಿನ ಹತ್ತಿರ ಹಿಡಿದ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಮೊದಲ ಸಲ ಕಂಡೆ.

"ಎಣ್ಣಿ ಹಾಕೀರಿ."

"ಎರಡ ಹನಿ."

"ಎರಡ ಹನಿ ನಿಮ್ಮ ಮೂಗಿನಾಗ ಬಿಡ್ಲೇನ್ರಿ? ಇದಕ್ಕ ಮೂಸೂದೊಂದ ಗೊತ್ತು. ಅದಕ್ಕ ಗಾಳಿ ಬೇಕು, ಎಣ್ಣಿ ಅಲ್ಲ. ನಿಮ್ಮ ಬನಹಟ್ಟಿ ಮಂದಿ ಕೈಯಾಗ ಡಬ್ಬಿ ಕೊಟ್ರ ಚಂದ್ರಗೂ ಎಣ್ಣಿ ಹಚ್ಚತೀರಿ." ಸ್ವಲ್ಪ ಹೊತ್ತಾದ ಮೇಲೆ ತಣ್ಣಗಾಗಿ, "ಇರ್ಲಿ ಬಿಡ್ರಿ, ನಾ ಹಾಕಿ ಕೊಡ್ತೀನಿ" ಎಂದ. ನಾನು ಬೇಡವೆಂದೆ.

ಎರಡನೆಯ ಸಲ ಮತ್ತೆರಡು ಹೊಸ ಸೆನ್ಸರ್ ಕೊಂಡು, ಎಣ್ಣೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಸಬಕಾರ ಹಚ್ಚಿ ಮೂರು ಸಲ ಕೈ ತೊಳೆದೆ. ವಿಭೂತಿಯೂ ಇಲ್ಲ, ಕುಂಕುಮವೂ ಇಲ್ಲ. ಒಣ ಕೈಯಿಂದ ಒಣ ಕಬ್ಬಿಣವನ್ನು ತಿರುವಿ ಕೂರಿಸಿದೆ. ಏನೊ ಬಿಟ್ಟುಹೋಯಿತೆಂದು ಬೆರಳು ಒಂದೇ ಸವನೆ ಚಡಪಡಿಸಿದವು. ಎಂಟು ದಿನ ತೇರದಾಳ, ರಬಕವಿ, ಮತ್ತೆ ತೇರದಾಳ ಎಂದು ತಿರುಗಾಡಿದೆ. ಹೊಗೆಯಿಲ್ಲ, ನಾತವಿಲ್ಲ, ದೀಪವಿಲ್ಲ. ಈ ಸಲ ಕ್ಯಾಲೆಂಡರಿನಲ್ಲಿ ಏನೂ ಬರೆಯಲಿಲ್ಲ.

ಒಂಬತ್ತನೆಯ ದಿನ ಅನಗವಾಡಿ. ಕಸ್ತೂರಿ ಚೀಲ ಸಿದ್ಧ ಮಾಡಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಪಕ್ಕದ ಸೀಟಿನ ಧೂಳು ಒರೆಸಿದೆ. ಅವಳು ಎದ್ದು ಕಾರಿನ ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿದಳು.

"ಚಾಲೂ ಮಾಡ್ರಿ."

ಕೀಲಿ ತಿರುವಿದೆ. ಎಲ್ಲ ದೀಪಗಳೂ ಒಮ್ಮೆ ಹತ್ತಿ ಒಂದೊಂದೇ ಆರಿದವು. ಅಂಟಿನ ಉಂಗುರದೊಳಗೆ ಕಪ್ಪು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಡಾಕ್ಟರು ಬರೆದ ಚೀಟಿಯನ್ನು ಓದು ಬಾರದವರು ನೋಡುವ ಹಾಗೆ.

"ಛಲೋ ಆತು" ಎಂದಳು. ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಸ್ಟ್ಯಾಂಡಿನ ಕಡೆ ನಡೆದಳು.

"ಕಸ್ತೂರಿ, ಎಲ್ಲಿಗೆ?"

"ಊರಿಗೆ. ಹನ್ನೊಂದರ ಜಮಖಂಡಿ ಬಸ್ ಐತಿ. ನೀವು ಕಾರಿನಾಗ ಬರ್ರಿ."

ಭೀಮಶಿಗೆ ನಾಚಿಕೆಯಾಯಿತು. "ಅಕ್ಕಾ, ಮಾಮಾರು ಇಷ್ಟ ದೂರ ಬಂದಾರ..."

"ಬಂದಾರಲ್ಲ. ನಾ ಬ್ಯಾಡ ಅಂದೆನೇನ? ಇಬ್ಬರೂ ಒಂದ ಊರಿಗೆ ಹೊಂಟೇವಿ." ಪರ್ಸು ತೆರೆದು ಆಧಾರ ಕಾರ್ಡು ಇದೆಯೇ ನೋಡಿಕೊಂಡಳು. "ನಮಗ ಹೆಣಮಕ್ಕಳಿಗೆ ಬಸ್ ಪುಕ್ಕಟ ಐತಿ."

ನಾನು ಕಾರಿನಿಂದ ಇಳಿದು ಅವಳ ಹಿಂದೆ ಹೋದೆ. "ಹಂಗಾರ ನಾನೂ ಬಸ್ಸಿಗೆ ಬರ್ತೀನಿ. ಕಾರ್ ಇಲ್ಲೇ ಇರ್ಲಿ."

ಅವಳು ನಿಂತಳು. ದನಿ ಏರಿಸಲಿಲ್ಲ.

"ಕಾರ್ ಇರಾಕ ಬಸ್ಸ್ಯಾಕ?"

ಹೀಗೆ ನಾನು ಅನಗವಾಡಿಯಿಂದ ಬಸ್ಸಿನ ಹಿಂದೆ ಹೊರಟೆ. ಎಡಗಡೆಯ ನಾಲ್ಕನೆಯ ಕಿಟಕಿಯಲ್ಲಿ ಅವಳ ಸೆರಗಿನ ಅಂಚು. ಬಸ್ಸು ನಿಂತಲ್ಲಿ ನಿಂತೆ, ಹೊರಟಲ್ಲಿ ಹೊರಟೆ, ಅದರ ಹೊಗೆ ಕುಡಿದೆ. ಹಾಳಾದ ಕಾರು ಹೂವಿನ ಹಾಗೆ ಓಡುತ್ತಿತ್ತು. ಅಂದೇ ಹೀಗೆ ಓಡಬಾರದಿತ್ತೇ ಎಂದು ಅದನ್ನು ಬೈಯಲು ಬಾಯಿ ತೆರೆದು ಮುಚ್ಚಿದೆ. ತನ್ನ ಮಾತನ್ನು ಅದು ಇಪ್ಪತ್ತೆರಡು ತಿಂಗಳು ಹೇಳಿತ್ತು.

ಬೀಳಗಿ ದಾಟಿ ಬಹಳ ದೂರ ಬಂದ ಮೇಲೆ ಆ ಜಾಲಿಗಿಡ ಬಂತು. ಅದರ ಕೆಳಗೆ ಗಂಟು ಹೊತ್ತ ಒಬ್ಬ ಮುದುಕಿ ನಿಂತಿದ್ದಳು. ಕೈ ಎತ್ತಿದಳು. ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಗಂಟು ಎತ್ತಿಕೊಟ್ಟ. ಇಷ್ಟೇ, ಒಂದು ನಿಮಿಷವೂ ಹಿಡಿಯಲಿಲ್ಲ. ಆಗ ನಾಲ್ಕನೆಯ ಕಿಟಕಿಯಿಂದ ಕಸ್ತೂರಿ ತಲೆ ಹೊರಹಾಕಿ ಹಿಂದಿರುಗಿ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿತೇನೊ ಎಂದು ಪಡಸಾಲೆಯಿಂದ ಇಣುಕುವ ಹಾಗೆ ನೋಡಿ, ಒಳಗೆ ಸರಿದಳು. ಬಸ್ಸು ಹೊರಟಿತು. ಹಿಂದಿನ ಟ್ರ್ಯಾಕ್ಟರಿನವ ಹಾರ್ನು ಹೊಡೆದು, "ಏ ಕಾಕಾ, ನಿದ್ದಿ ಹತ್ತೇನೋ?" ಎಂದು ಒದರುವವರೆಗೆ ನಾನು ಗೇರು ಹಾಕಿರಲಿಲ್ಲ.

ಜಮಖಂಡಿ ಸ್ಟ್ಯಾಂಡಿನಲ್ಲಿ ಬನಹಟ್ಟಿ ಬಸ್ಸಿಗೆ ಕಾಯುವಾಗ ಅವಳು ಕಾರಿನ ಹತ್ತಿರ ಬಂದಳು. ಕಿಟಕಿಯಲ್ಲಿ ಒಂದು ಗಂಟು ಇಟ್ಟಳು. ಎರಡು ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ. "ಹೊತ್ತಾತು, ಉಣ್ರಿ" ಎಂದು ಹೇಳಿ ತಿರುಗಿ ಹೋದಳು. ನಾನು ಸ್ಟೇರಿಂಗಿನ ಮೇಲೆ ಅರಿವೆ ಬಿಚ್ಚಿ, ಕಣ್ಣೊರೆಸಿಕೊಳ್ಳುತ್ತ ಉಂಡೆ. ಖಾರ ಹೆಚ್ಚಿತ್ತೆಂದು ಹೇಳಿದರೆ ನೀವು ನಂಬಬೇಕು.

ಆಗಿನಿಂದ ಮನೆ ಮೊದಲಿನಂತೆಯೇ ಇದೆ. ಕಸ್ತೂರಿ ಮಾತಾಡುತ್ತಾಳೆ, ನಗುತ್ತಾಳೆ, ನನ್ನ ಕ್ಯಾಲೆಂಡರನ್ನು ಹಂಗಿಸುತ್ತಾಳೆ. ಅಮಾವಾಸ್ಯೆಗೆ ಕಾರನ್ನು ತೊಳೆಸಿ, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆದು ಆರತಿ ಮಾಡುವವಳು ಅವಳೇ. ಕುಳಿತುಕೊಳ್ಳುವುದು ಮಾತ್ರ ಇಲ್ಲ. ತೇರದಾಳಕ್ಕೆ ಬಸ್ಸು, ಮುಧೋಳಕ್ಕೆ ಕೊಟ್ಟ ಮಗಳ ಮನೆಗೆ ಬಸ್ಸು. ಮೊದಮೊದಲು ನಾನು ಹಿಂದೆ ಹೋಗುತ್ತಿದ್ದೆ. "ಬಸ್ಸಿಗೆ ಪೈಲಟ್ ಗಾಡಿ ಹಿಂದ ಇರೂದು ಎಲ್ಲೂ ನೋಡಿದ್ದಿಲ್ಲೋ ಯಪ್ಪಾ" ಎಂದು ಚಹಾದಂಗಡಿಯವರು ನಕ್ಕರು. ಈಗ ಹೋಗುವುದಿಲ್ಲ. ಅಂಟಿನ ಉಂಗುರಕ್ಕೆ ಧೂಳು ಹಿಡಿದು ಅದೀಗ ಚೆನ್ನಾಗಿ ಕಾಣಿಸುತ್ತದೆ. ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋದೀತು. ಉಜ್ಜಿಲ್ಲ.

ಹೋದ ವಾರ ನಮ್ಮ ತಲಬಾಗಿಲು ಕಿರಗುಟ್ಟತೊಡಗಿತು. ಕಪಾಟಿನ ಕೀಲಿ ತೆಗೆದು ಎಣ್ಣೆ ಡಬ್ಬಿ ಹಿಡಿದು ಹೋದೆ. ಕಸ್ತೂರಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಇರ್ಲಿ ಬಿಡ್ರಿ."

"ಕಿವಿಗೆ ಕಿರಿಕಿರಿ ಆಗತೈತಲ್ಲ?"

"ಆಗ್ಲಿ."

ಡಬ್ಬಿಯನ್ನು ತಿರುಗಿ ಇಟ್ಟು ಬಂದೆ. ಈ ಹೊತ್ತು ಮುಂಜಾನೆ ಅವಳು ಮುಧೋಳಕ್ಕೆ ಹೊರಟಾಗ ಬಾಗಿಲು ಕಿರ್ರೆಂದಿತು. ನಾನು ಅಂಗಳದಲ್ಲಿ ಕಾರು ಒರೆಸುತ್ತಿದ್ದವನು ಗಡಿಯಾರ ನೋಡಿದೆ. ಬಸ್ಸು ಇರುವುದು ಒಂಬತ್ತಕ್ಕೆ. ಎಂಟೂಕಾಲು ಆಗಿತ್ತು. ಈಗೀಗ ಯಾವ ಬಸ್ಸಿಗಾದರೂ ಅವಳು ಅಷ್ಟು ಮೊದಲೇ ಹೋಗಿ ನಿಲ್ಲುತ್ತಾಳೆ.